ಕರಡಿನಲ್ಲಿ ಉಳಿಯದ ಕಲಮು

ಅಕ್ಕೋರು ಮೊದಲ ಸಲ ನನ್ನ ಆಫೀಸಿಗೆ ಬಂದಾಗ ಕುರ್ಚಿಯ ಮೇಲೆ ಕೂಡಲಿಲ್ಲ. ಕೂಡ್ರಿ ಎಂದು ಎರಡು ಸಲ ಹೇಳಿದೆ.

"ನಿಂತೇ ಹೇಳ್ತೀನ್ರಿ. ನಾ ಹ್ವಾದ ಮ್ಯಾಲೆ ನೀವು ಆ ಕುರ್ಚಿ ತೊಳಸೂದು ನನಗ ಬ್ಯಾಡ" ಎಂದರು.

ಚಲೇಜಾವ್ ಚಳವಳಿಯ ವರ್ಷದ ಚಳಿಗಾಲ ಅದು. ಧಾರವಾಡದ ನಮ್ಮ ಹಿರಿಯ ವಕೀಲರು ಜೈಲಿನಲ್ಲಿದ್ದರು. ಅವರ ಹುಬ್ಬಳ್ಳಿಯ ಆಫೀಸನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೆ. ಬರುತ್ತಿದ್ದ ಕಕ್ಷಿದಾರರಲ್ಲಿ ಹೆಚ್ಚಿನವರು ಮಕ್ಕಳನ್ನು ಜಾಮೀನಿನ ಮೇಲೆ ಬಿಡಿಸಿಕೊಳ್ಳಲು ಬರುವ ತಂದೆಗಳು. ಅವರ ಮುಖದಲ್ಲಿ ದಿಗಿಲಿದ್ದರೂ ಅದರ ಹಿಂದೆ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ಈ ಹೆಣ್ಣುಮಗಳ ಮುಖದಲ್ಲಿ ಹೆಮ್ಮೆಯ ಸುಳಿವೇ ಇರಲಿಲ್ಲ.

ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ವಿಧವೆ, ಅದಕ್ಕೇ ಊರಿಗೆಲ್ಲ ಅಕ್ಕೋರು. ಜೊತೆಗಿದ್ದವನು ತಮ್ಮನೊಬ್ಬನೇ. ತಮ್ಮ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದ. ಒಂದು ದಿನ ಅವನ ಕೈಯಿಂದ ಸೀಸದ ಮೊಳೆಗಳು ಜಾರತೊಡಗಿದವು. ಹಿಡಿದದ್ದೋ ಬಿಟ್ಟದ್ದೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಆಮೇಲೊಮ್ಮೆ ಕಂದೀಲಿನ ಕಾದ ಗಾಜನ್ನು ಬರಿಗೈಯಲ್ಲಿ ಹಿಡಿದು, ಚರ್ಮ ಸುಟ್ಟ ವಾಸನೆ ಬಂದಾಗಲೇ ಬಿಟ್ಟನಂತೆ. ಧಾರವಾಡದ ಡಾಕ್ಟರೊಬ್ಬರು ನೋಡಿ, ಬಾಗಿಲು ಹಾಕಿಕೊಂಡು ಬಂದು, ಮಹಾರೋಗ ಎಂದರು. ಎಣ್ಣೆಯ ಇಂಜೆಕ್ಷನ್ ಶುರುವಾಯಿತು. ತಮ್ಮ ಕೆಲಸ ಬಿಟ್ಟು ಹಿತ್ತಲ ಕೋಣೆ ಸೇರಿದ. ಕೇಳಿದವರಿಗೆಲ್ಲ ಅಕ್ಕೋರು ಅವನು ಪುಣೆಗೆ ಹೋಗಿದ್ದಾನೆ, ಅಲ್ಲೇ ಕೆಲಸ ಸಿಕ್ಕಿದೆ ಎಂದು ಹೇಳುತ್ತಿದ್ದರು.

ಆ ಮಾತೇ ಅವರನ್ನು ಕೊಂದಿತು. ಚಳವಳಿ ಶುರುವಾದ ಮೇಲೆ ಊರಿನಲ್ಲಿ ಕದ್ದು ಅಚ್ಚಾದ ಪತ್ರಿಕೆಗಳು ಹರಿದಾಡತೊಡಗಿದ್ದವು. ಪೊಲೀಸರು ಮೊಳೆ ಜೋಡಿಸುವವರ ಹೆಸರುಗಳನ್ನೆಲ್ಲ ಹೆಕ್ಕಿ ಒಬ್ಬೊಬ್ಬರನ್ನೇ ವಿಚಾರಿಸಿದರು. ಈ ಒಬ್ಬ ಮಾತ್ರ ಸಿಗಲಿಲ್ಲ. ಪುಣೆಯಲ್ಲಿಯೂ ಇಲ್ಲವೆಂದು ತಿಳಿಯಿತು. ಕಾಣೆಯಾದ ಕಂಪೋಜಿಟರ್ ಎಂದರೆ ಭೂಗತನಾದವನೇ ಎಂದು ಫೌಜದಾರ ಲೆಕ್ಕ ಹಾಕಿದ. ತಪ್ಪು ಲೆಕ್ಕವೆಂದು ನಾನು ಆಗಲೂ ಹೇಳುತ್ತಿರಲಿಲ್ಲ, ಈಗಲೂ ಹೇಳುವುದಿಲ್ಲ.

ಝಡತಿಗೆ, ಅಂದರೆ ಮನೆ ಶೋಧಿಸಲು, ಪೊಲೀಸರು ಬಂದದ್ದು ಬೆಳಿಗ್ಗೆ, ಹುಡುಗಿಯರು ಶಾಲೆಗೆ ಹೋಗುವ ಹೊತ್ತಿನಲ್ಲಿ. ಫೌಜದಾರ, ನಾಲ್ಕು ಜನ ಪೊಲೀಸರು, ಕಾಯಿದೆಯ ಪ್ರಕಾರ ಓಣಿಯ ಇಬ್ಬರು ಮರ್ಯಾದಸ್ಥ ಪಂಚರು. ಪಂಚರಲ್ಲಿ ಒಬ್ಬ ಎದುರು ಅಂಗಡಿಯ ಕಾಳಿನ ವ್ಯಾಪಾರಿ, ಇನ್ನೊಬ್ಬ ಪಕ್ಕದ ಮನೆಯ ನಿವೃತ್ತ ಗುಮಾಸ್ತ. ಟ್ರಂಕು ಬೋರಲು ಹಾಕಿದರು. ಅಕ್ಕೋರ ತಿಂಗಳ ಬಟ್ಟೆಗಳನ್ನು ಒಬ್ಬ ಪೊಲೀಸ ಲಾಠಿಯ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿದ. ಮೊಳೆ ಕಟ್ಟಿಟ್ಟ ಗಂಟಿರಬಹುದು ಎಂದು ಕಾರಣ. ಆಮೇಲೆ ಬೀಗ ಹಾಕಿದ ಹಿತ್ತಲ ಕೋಣೆ ಕಂಡಿತು.

"ಆ ಕ್ವಾಣಿಯಾಗ ಏನಿಲ್ರಿ, ಕೈ ಮುಗೀತೀನಿ" ಎಂದು ಅಕ್ಕೋರು ಬಾಗಿಲಿಗೆ ಅಡ್ಡ ನಿಂತರು. ಅಡ್ಡ ನಿಂತದ್ದರಿಂದಲೇ ಫೌಜದಾರನಿಗೆ ಖಾತ್ರಿಯಾಯಿತು. ಬೀಗ ಒಡೆಸಿದ.

ಒಳಗೆ ಕಂಬಳಿ ಹೊದ್ದು ಒಬ್ಬ ಮನುಷ್ಯ ಕುಳಿತಿದ್ದ. "ಏಳಲೇ ಮಗನ, ಎಲ್ಲೆ ಇಟ್ಟೀದಿ ಮಶಿನು?" ಎಂದು ಫೌಜದಾರ ಬೆತ್ತದಿಂದ ಕಂಬಳಿ ಸರಿಸಿದ. ಸರಿಸಿ ಮುಖ ನೋಡಿದವನೇ ಹಿಂದಕ್ಕೆ ಜಿಗಿದ. ಬೆತ್ತವನ್ನು ಅಲ್ಲೇ ಎಸೆದ.

ಅಷ್ಟಕ್ಕೇ ಹೊರಟುಹೋಗಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಆದರೆ ಅಷ್ಟರಲ್ಲಿ ಅರ್ಧ ಓಣಿ ಹೊರಗೆ ನೆರೆದಿತ್ತು. ಮನೆಯಿಂದ ಛಾಪಿಸುವ ಯಂತ್ರ ಹೊರಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು. ಬರಿಗೈಯಲ್ಲಿ ಹೊರಬಂದ ಫೌಜದಾರನನ್ನು ನೋಡಿ ಹಿಂದಿನಿಂದ ಯಾರೋ ನಕ್ಕರು. ಅವನು ಕಟ್ಟೆಯ ಮೇಲೆ ನಿಂತು ಪಂಚನಾಮೆಯನ್ನು ಗಟ್ಟಿಯಾಗಿ ಓದಿದ. ತಾಮ್ರದ ಹಂಡೆ ಒಂದು, ಟ್ರಂಕು ಒಂದು, ಹೆಂಗಸಿನ ಬಟ್ಟೆಗಳು ಇಂಥವು ಇಂಥವು, ಔಷಧದ ಎಣ್ಣೆಯ ಬಾಟಲಿಗಳು, ಹಿತ್ತಲ ಕೋಣೆಯಲ್ಲಿ ಮಹಾರೋಗದ ಮನುಷ್ಯ ಒಬ್ಬ. ಕೊನೆಯದನ್ನು ಎರಡು ಸಲ ಓದಿದ. ನಗುತ್ತಿದ್ದವರು ಎರಡನೆಯ ಸಲಕ್ಕೆ ಹಿಂದೆ ಸರಿದರು. ಓಣಿ ಖಾಲಿಯಾಯಿತು.

ಇಷ್ಟನ್ನು ಅಕ್ಕೋರು ಪಾಠ ಒಪ್ಪಿಸುವಂತೆ ಹೇಳಿದರು. ಏನಾಗಬೇಕು ನಿಮಗೆ ಎಂದು ಕೇಳಿದೆ.

"ಅವರು ಹುಡಕಾಕ ಬಂದದ್ದು ಸಿಗಲಿಲ್ಲ. ಸಿಕ್ಕದ್ದು ಅವರಿಗೆ ಬೇಕಾಗಿರಲಿಲ್ಲ. ಹಂಗಿದ್ದ ಮ್ಯಾಲೆ ಅದನ್ನ ಓದೂ ಹಕ್ಕು ಅವರಿಗೆ ಯಾರು ಕೊಟ್ರು? ಇಷ್ಟು ಕೇಳ್ರಿ ಕೋರ್ಟಿನ್ಯಾಗ."

ಕೇಸು ತೆಗೆದುಕೊಂಡೆ. ನಾನು ಚಿಕ್ಕವನಿದ್ದೆ. ಪ್ರಶ್ನೆ ಇಷ್ಟು ಸರಳವಾಗಿದ್ದರೆ ಉತ್ತರವೂ ಪುಸ್ತಕದಲ್ಲಿ ಎಲ್ಲೋ ಇದ್ದೇ ಇರಬೇಕೆಂದು ನಂಬಿದ್ದೆ.

ಪುಸ್ತಕಗಳನ್ನು ತಿರುವಿದೆ. ಯುದ್ಧಕಾಲದ ನಿಯಮಗಳು ಪೊಲೀಸರಿಗೆ ಯಾವ ಮನೆಗಾದರೂ ನುಗ್ಗುವ ಅಧಿಕಾರ ಕೊಟ್ಟಿದ್ದವು. ಪಂಚರು ಇದ್ದರು, ಯಾದಿ ಮಾಡಿದ್ದರು, ಸಹಿ ಮಾಡಿಸಿದ್ದರು. ಮನೆಯಿಂದ ಒಂದು ಚಮಚವೂ ಕಳುವಾಗಿರಲಿಲ್ಲ. ಯಾರ ಮೈಮೇಲೂ ಕೈ ಬಿದ್ದಿರಲಿಲ್ಲ. ಉಳಿದದ್ದು ಮಾನನಷ್ಟ ಒಂದೇ. ಅದಕ್ಕೆ ಸಾಕ್ಷಿ ಬೇಕು ಎಂದು ಪಂಚರ ಹತ್ತಿರ ಹೋದೆ.

ಕಾಳಿನ ವ್ಯಾಪಾರಿ ಚೀಲದ ಮೇಲೆ ಕೂತಲ್ಲೇ ಹೇಳಿದ: "ನಾ ಓದಿ ಸಹಿ ಮಾಡೀನ್ರಿ ವಕೀಲರ. ಅದರಾಗ ಸುಳ್ಳು ಏನರ ಐತೇನು? ಇದ್ರ ತೋರಸ್ರಿ, ಈಗ ಬಂದು ಕಟಗಟಿಯಾಗ ನಿಂದರ್ತೀನಿ."

ಕೇಸು ಮುರಿದದ್ದು ಆ ಅಂಗಡಿಯಲ್ಲಿಯೇ. ಕೋರ್ಟಿನಲ್ಲಿ ನಡೆದದ್ದು ಅದರ ಬರವಣಿಗೆ ಅಷ್ಟೇ.

ನಿವೃತ್ತ ಗುಮಾಸ್ತ ಬಾಗಿಲು ಅರ್ಧ ತೆರೆದು ಮಾತಾಡಿದ. ಎರಡು ಮನೆಗಳ ನಡುವಿನ ಗೋಡೆಗೆ ಫಿನಾಯಿಲ್ ಸುರಿದು ಸುರಿದು ಅವನ ಪಡಸಾಲೆಯೆಲ್ಲ ಘಾಟು ಹಿಡಿದಿತ್ತು. "ನನ್ನ ಮಮ್ಮಕ್ಕಳು ಅವರ ಮನ್ಯಾಗ ಉಂಡಾವ್ರಿ" ಎಂದ. "ಆ ಅಕ್ಕೋರು ಕೈಯಾರ ಬಡಿಸ್ಯಾರ. ನಮಗ ಹೇಳಬಾರದಾಗಿತ್ತ? ನಮಗ ಹಕ್ಕಿಲ್ಲೇನು?" ಅವನ ಕಣ್ಣಲ್ಲಿ ನೀರಿತ್ತು. ಆ ಪ್ರಶ್ನೆಯನ್ನೂ ಬರೆದುಕೊಂಡೆ. ಅದಕ್ಕೂ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ.

ಅಷ್ಟರಲ್ಲಿ ಶಾಲೆಯವರು ಅಕ್ಕೋರನ್ನು ತೆಗೆದುಹಾಕಿದರು. ಅವರು ಕೂತು ಕಲಿಸುತ್ತಿದ್ದ ಜಮಖಾನೆಯನ್ನು ಅಂಗಳದಲ್ಲಿ ಹಾಕಿ, ಸೀಮೆಎಣ್ಣೆ ಸುರಿದು, ಹುಡುಗಿಯರ ಎದುರಿಗೇ ಸುಟ್ಟರು. ನೋಡಿ ಕಲಿಯಲಿ ಎಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಮನೆಯ ಮಾಲಕ ಖಾಲಿ ಮಾಡಿ ಎಂದ. ಮಾಡದಿದ್ದಾಗ ಒಂದು ಮಧ್ಯಾಹ್ನ ಬಡಿಗನನ್ನು ಕರೆತಂದು ಮುಂಬಾಗಿಲನ್ನು ಚೌಕಟ್ಟಿನಿಂದ ಬಿಚ್ಚಿಸಿಕೊಂಡು ಹೋದ. ಬಾಗಿಲಿಲ್ಲದ ಆ ಮನೆಯನ್ನು ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ಹುಡುಗರು ಒಳಗೆ ಕಲ್ಲು ಎಸೆದು ಓಡುತ್ತಿದ್ದರು. ಅಕ್ಕ ತಮ್ಮ ಇಬ್ಬರೂ ಗೋಕುಲದ ದಾರಿಯಲ್ಲಿ ಪಾಳುಬಿದ್ದಿದ್ದ ಹತ್ತಿಯ ಗೋದಾಮಿನ ಒಂದು ಮೂಲೆಗೆ ಹೋದರು.

ಸರಕಾರಿ ಅಧಿಕಾರಿಯ ಮೇಲೆ ದಾವೆ ಹಾಕಬೇಕಾದರೆ ಮೊದಲು ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕು. ಅಧಿಕಾರಿಗೆ ತಪ್ಪು ತಿದ್ದಿಕೊಳ್ಳಲು ಅವಕಾಶವಿರಲಿ ಎಂದು ಕಾಯಿದೆಯ ಉದ್ದೇಶ. ನಾನು ನೋಟೀಸು ಕಳಿಸಿದೆ. ಫೌಜದಾರ ಆ ಅವಕಾಶವನ್ನು ಬೇರೆ ರೀತಿ ಬಳಸಿದ.

ಕುಷ್ಠರೋಗಿಗಳ ಕಾಯಿದೆ ಎಂದು ಒಂದಿತ್ತು. ಮನೆಯಲ್ಲಿ ಉಂಡು ಉಟ್ಟು ಇರುವ ರೋಗಿಯನ್ನು ಅದು ಮುಟ್ಟುತ್ತಿರಲಿಲ್ಲ. ಜೀವನಕ್ಕೆ ಆಧಾರವಿಲ್ಲದ ರೋಗಿಯನ್ನು ಮಾತ್ರ ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಬಹುದಿತ್ತು. ಅಕ್ಕನಿಗೆ ಪಗಾರವಿರುವವರೆಗೆ ತಮ್ಮನಿಗೆ ಆಧಾರವಿತ್ತು. ಝಡತಿಯಿಂದ ಅಕ್ಕನ ಕೆಲಸ ಹೋಯಿತು. ಕೆಲಸ ಹೋದದ್ದರಿಂದ ತಮ್ಮ ನಿರಾಧಾರನಾದ. ನಿರಾಧಾರನಾದ್ದರಿಂದ ಝಡತಿ ಮಾಡಿದ ಅದೇ ಫೌಜದಾರ ಬಂದು, ಗೋದಾಮಿನ ಹೊರಗೆ ಬಿಸಿಲಿಗೆ ಕೂತಿದ್ದವನನ್ನು ಕಾಯಿದೆಬದ್ಧವಾಗಿ ಎತ್ತಿಕೊಂಡು ಹೋದ. ಒಂದೊಂದು ಕೊಂಡಿಯೂ ಸರಿಯಾಗಿತ್ತು. ನಾನು ಎಲ್ಲಿಯೂ ಬೆರಳು ಇಟ್ಟು ಇದು ಅಕ್ರಮ ಎನ್ನುವಂತಿರಲಿಲ್ಲ.

ಹೀಗಿದ್ದರೆ ಕೊಂಡಿಯನ್ನೇ ಬಿಚ್ಚೋಣ ಎಂದುಕೊಂಡು, ಅಕ್ಕೋರನ್ನು ನಮ್ಮ ಆಫೀಸಿನಲ್ಲಿ ನಕಲು ಬರೆಯುವ ಕೆಲಸಕ್ಕೆ ಇಟ್ಟುಕೊಂಡೆ. ಅಕ್ಷರ ಮುತ್ತಿನಂಥದು. ವಾರದೊಳಗೆ ಕಕ್ಷಿದಾರರು ಅಂಗಳದಲ್ಲೇ ನಿಂತು ಮಾತಾಡತೊಡಗಿದರು. ಅವರು ಬರೆದ ಕಾಗದವನ್ನು ನಮ್ಮ ಹಳೆಯ ಕಾರಕೂನ ಚಿಮುಟದಿಂದ ಹಿಡಿದು ನನಗೆ ಕೊಡುತ್ತಿದ್ದ. ಅಕ್ಕೋರು ಅದನ್ನು ನೋಡಿಯೂ ನೋಡದವರಂತೆ ಮುಂದಿನ ಸಾಲು ಬರೆಯುತ್ತಿದ್ದರು. ಏನೇ ಇರಲಿ, ಪಗಾರ ಪಗಾರವೇ. ಮ್ಯಾಜಿಸ್ಟ್ರೇಟರು ಅರ್ಜಿ ಓದಿದರು, ಅಕ್ಕ ಮುಚ್ಚಳಿಕೆ ಬರೆದುಕೊಟ್ಟರೆ ತಮ್ಮನನ್ನು ಬಿಡಬಹುದು ಎಂದು ಹುಕುಂ ಮಾಡಿದರು.

ಹುಕುಂ ಹಿಡಿದು ಇಬ್ಬರೂ ಊರ ಹೊರಗಿನ ಆಶ್ರಮಕ್ಕೆ ಹೋದೆವು. ವಾಪಸು ಬರುವಾಗ ಯಾರನ್ನು ಕೂಡಿಸಬೇಕೆಂದು ತಿಳಿದು ಟಾಂಗಾದವನು ಒಲ್ಲೆ ಎಂದಿದ್ದ. ನಡೆದೇ ಹೋದೆವು. ಅಕ್ಕೋರು ದಾರಿಯುದ್ದಕ್ಕೂ ತಮ್ಮನಿಗೆ ಏನು ಅಡಿಗೆ ಮಾಡಬೇಕೆಂದು ಹೇಳುತ್ತಿದ್ದರು.

ತಮ್ಮ ಬೇವಿನ ಗಿಡದ ಕೆಳಗೆ ಇನ್ನಿಬ್ಬರ ಜೊತೆ ಚೌಕಾಬಾರ ಆಡುತ್ತಿದ್ದ. ಹೊದಿಕೆ ಇರಲಿಲ್ಲ. ಮುಖ ಬಿಚ್ಚಿಕೊಂಡು, ಗಟ್ಟಿಯಾಗಿ ನಗುತ್ತಿದ್ದ. ನಮ್ಮನ್ನು ಕಂಡವನೇ ಅಂಗೈಗಳನ್ನು ಬಗಲಲ್ಲಿ ಮುಚ್ಚಿಕೊಂಡ.

"ಬಾರಪಾ, ಹುಕುಂ ತಂದೀವಿ. ಮನಿಗೆ ಹೋಗೂಣು" ಎಂದರು ಅಕ್ಕೋರು.

ಅವನು ಕೂತಲ್ಲೇ ಹೇಳಿದ: "ನಾ ಒಲ್ಲೆ ಅಕ್ಕಾ. ಇಲ್ಲೆ ಮುಚ್ಚಿಡೂದು ಏನೂ ಉಳದಿಲ್ಲ. ಆ ಕ್ವಾಣಿಯಾಗ ನಾ ಕೆಮ್ಮಿದ್ರ ನೀ ಜೋರಾಗಿ ಹಾಡು ಹಾಡತಿದ್ದಿ, ಮಂದಿಗೆ ಕೇಳಬಾರದಂತ. ನೆನಪದ ಏನು? ನನಗ ಅದು ಸಾಕಾಗೇದ."

"ನಿನ್ನ ಸಲುವಾಗಿ ಮಾಡಿದೆನೋ."

"ಗೊತ್ತದ. ಅದಕ್ಕ ನೀ ಹೋಗು. ಮತ್ತ ಬರಬ್ಯಾಡ. ನೀ ಇಲ್ಲಿಗೆ ಬಂದು ಹೋಗೂದನ್ನ ಮಂದಿ ನೋಡಿದ್ರ ಎಲ್ಲೂ ನಿನಗ ಕೆಲಸ ಸಿಗೂದಿಲ್ಲ."

ಆಶ್ರಮದ ಮೇಲ್ವಿಚಾರಕರು ಹುಕುಮಿನ ಹಿಂಬದಿಗೆ, ರೋಗಿಗೆ ಹೋಗಲು ಇಷ್ಟವಿಲ್ಲ ಎಂದು ಬರೆದರು. ಊರಿನವರ ಹೆಸರೊಂದು ಇರಲಿ ಎಂದು ನನ್ನ ವಿಳಾಸ ಬರೆದುಕೊಂಡರು. ವಾಪಸು ಬರುವಾಗ ಅಕ್ಕೋರು ಹುಕುಮನ್ನು ಮಡಿಚಿ ನನ್ನ ಕೈಗೆ ಕೊಟ್ಟು ಮುಂದೆ ಮುಂದೆ ನಡೆದರು.

ದಾವೆ ವಿಚಾರಣೆಗೆ ಬರುವ ಹೊತ್ತಿಗೆ ಮತ್ತೊಂದು ಬೇಸಿಗೆ ಬಂದಿತ್ತು. ಫಿರ್ಯಾದಿಯ ಸಾಕ್ಷಿಯನ್ನು ಬಾಗಿಲು ಮುಚ್ಚಿ ಕೇಳಬೇಕೆಂದು ಅರ್ಜಿ ಕೊಟ್ಟೆ. ಸರಕಾರಿ ವಕೀಲರು ಎದ್ದು, "ಊರಿಗೆಲ್ಲಾ ಗೊತ್ತಾಗೇದ ಅಂತನ ದಾವೆ ಹಾಕ್ಯಾರ. ಈಗ ಮುಚ್ಚಿ ಕೇಳೂದು ಏನದ ಸ್ವಾಮಿ?" ಎಂದರು. ಕೋರ್ಟಿನಲ್ಲಿ ನಗೆ. ಅರ್ಜಿ ವಜಾ. ಇಂಥ ದಾವೆಯ ಸ್ವರೂಪವೇ ಹೀಗೆಂದು ನನಗೆ ಹೊಳೆದದ್ದು ಆಗ. ಬಯಲಾದದ್ದಕ್ಕೆ ಪರಿಹಾರ ಬೇಕೆಂದರೆ ಮತ್ತೊಮ್ಮೆ, ಪ್ರಮಾಣ ಮಾಡಿ, ಬಯಲು ಮಾಡಬೇಕು.

ಪಾಟೀಸವಾಲು ಅರ್ಧ ದಿನ ನಡೆಯಿತು.

"ನಿಮ್ಮ ತಮ್ಮಗ ಮಹಾರೋಗ ಅದನೋ ಇಲ್ಲೋ?"

"ಅದ."

"ಜೋರಾಗಿ ಹೇಳ್ರಿ, ಹಿಂದಿನವರಿಗೆ ಕೇಳಲಿ."

"ಅದ ರೀ."

"ಅವನ ಹುಣ್ಣು ತೊಳದ ಕೈಲೆ ಸಾಲಿಗೆ ಹೋಗಿ ಹುಡುಗ್ಯಾರ ಪಾಟಿ ಮುಟ್ಟತಿದ್ರೋ ಇಲ್ಲೋ?"

"ಕೈ ತೊಕ್ಕೊಂಡು ಹೋಗತಿದ್ದೆ."

"ಪುಣೆಕ ಹೋಗ್ಯಾನ ಅಂತ ಊರಿಗೆಲ್ಲಾ ಹೇಳಿದ್ರಿ. ಅದು ಖರೇನೋ ಸುಳ್ಳೋ?"

"ಸುಳ್ಳು."

"ಫೌಜದಾರರು ಓದಿದ್ದು ಖರೇನೋ ಸುಳ್ಳೋ?"

ಅಕ್ಕೋರು ನನ್ನ ಕಡೆ ನೋಡಿದರು. ನಾನು ಏಳಲಿಲ್ಲ. ಎದ್ದು ಹೇಳಲು ಯಾವ ಆಕ್ಷೇಪಣೆಯೂ ಇರಲಿಲ್ಲ.

"ಖರೇ" ಎಂದರು.

ಅಂದರೆ ಈ ಮನೆಯಲ್ಲಿ ಸುಳ್ಳು ಹೇಳಿದವರು ನೀವು, ಖರೇ ಹೇಳಿದವರು ಫೌಜದಾರರು ಎಂದು ಹೇಳಿ ಸರಕಾರಿ ವಕೀಲರು ಮೆಲ್ಲಗೆ ಕೂತರು. ತೀರ್ಪು ಬಂದಾಗ ಅದರಲ್ಲೂ ಅದೇ ಇತ್ತು. ಸುಳ್ಳು ಹೇಳಿ ಹೆಸರು ಕೆಡಿಸಿದರೆ ಕಾಯಿದೆ ಶಿಕ್ಷಿಸುತ್ತದೆ, ಇದ್ದದ್ದನ್ನು ಇದ್ದಂತೆ ಹೇಳಿದರೆ ಇಲ್ಲ. ಫಿರ್ಯಾದಿಯ ದುಃಖ ದೊಡ್ಡದಿರಬಹುದು. ಆದರೆ ಆ ದುಃಖಕ್ಕೆ ಕಾಯಿದೆಯಲ್ಲಿ ಹೆಸರಿಲ್ಲ. ದಾವೆ ಖರ್ಚುಸಹಿತ ವಜಾ. ನ್ಯಾಯಾಧೀಶರು ಕೆಟ್ಟವರಾಗಿರಲಿಲ್ಲ. ಓದುವಾಗ ಅಕ್ಕೋರ ಮುಖ ನೋಡದಂತೆ ಕಾಗದದಲ್ಲೇ ಕಣ್ಣು ನೆಟ್ಟಿದ್ದರು.

ಅಕ್ಕೋರು ನಮ್ಮ ಆಫೀಸಿನಲ್ಲಿ ಮತ್ತೆ ಕೆಲವು ತಿಂಗಳು ಇದ್ದರು. ಆಮೇಲೆ ಧಾರವಾಡದ ಹತ್ತಿರದ ಹಳ್ಳಿ ಮುಗದದ ಒಬ್ಬ ಜಮೀನುದಾರರು ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಯಾರಾದರೂ ಬೇಕೆಂದಾಗ ಅಲ್ಲಿಗೆ ಹೋದರು. ನಿಮ್ಮ ಕಡೆಯವರು ಯಾರ್ಯಾರಿದ್ದಾರೆ ಎಂದು ಜಮೀನುದಾರರು ಕೇಳಿದಾಗ, ಯಾರೂ ಇಲ್ಲ ಎಂದು ಹೇಳಿದರಂತೆ.

ನಾವು ರಾಯರು ಎನ್ನುತ್ತಿದ್ದ ಹಿರಿಯ ವಕೀಲರು ಜೈಲಿನಿಂದ ಬಂದರು. ಬಂದ ಮೊದಲ ವಾರ ಅವರಾಡಿದ ಮಾತೆಲ್ಲ ಒಂದೇ. ಜೈಲರನು ಅವರ ಹೆಂಡತಿ ಬರೆದ ಪತ್ರಗಳನ್ನು ಕೈದಿಗಳ ಮುಂದೆ ಓದಿ, ಆಕೆಯ ಕಾಗುಣಿತದ ತಪ್ಪುಗಳಿಗೆ ನಗುತ್ತಿದ್ದನಂತೆ. "ಬೆತ್ತದಿಂದ ಹೊಡದಿದ್ರ ಸಹಿಸ್ತಿದ್ದೆ" ಎನ್ನುತ್ತಿದ್ದರು, ದವಡೆ ಬಿಗಿಹಿಡಿದು.

ಸ್ವಾತಂತ್ರ್ಯ ಬರುವುದು ಖಾತ್ರಿಯಾಗಿ, ದಿಲ್ಲಿಯಲ್ಲಿ ಸಂವಿಧಾನ ಬರೆಯುವ ಸಭೆ ಕೂತಾಗ, ಪ್ರಜೆಗಳ ಮೂಲಭೂತ ಹಕ್ಕುಗಳು ಏನಿರಬೇಕೆಂದು ಎಲ್ಲ ಊರಿನ ವಕೀಲರೂ ಚರ್ಚಿಸುತ್ತಿದ್ದರು. ಧಾರವಾಡದ ನಮ್ಮವರೂ ಒಂದು ಟಿಪ್ಪಣಿ ಕಳಿಸುವುದೆಂದು ನಿಶ್ಚಯಿಸಿದರು. ರಾಯರು ನನ್ನನ್ನು ಕರೆದು, "ಝಡತಿ, ಪತ್ರ ಒಡೆಯೂದು, ಇದರ ಮ್ಯಾಲೆ ನೀ ಒಂದು ಕಲಮು ಬರಿ. ನಿನ್ನಷ್ಟು ಸೋತವರು ಯಾರಿಲ್ಲ ಇದರಾಗ" ಎಂದರು. ಪ್ರೀತಿಯಿಂದಲೇ ಹೇಳಿದರು.

ಬರೆಯಲು ಕೂತರೆ ಶಬ್ದವೇ ಸಿಗದು. ಬೇರೆ ದೇಶಗಳ ಸಂವಿಧಾನಗಳಲ್ಲಿ ಮನೆಯ ಬಗ್ಗೆ, ಕಾಗದಪತ್ರಗಳ ಬಗ್ಗೆ ಕಲಮುಗಳಿದ್ದವು. ಇಂಗ್ಲಿಷಿನ ಕರಡಿಗೆ ಅವು ನೆರವಾದವು. ಆದರೆ ಪತ್ರಿಕೆಗೆ ಕೊಡಲು ಕನ್ನಡದ ಪ್ರತಿಯೂ ಬೇಕಾಗಿತ್ತು. ಗುಟ್ಟು ಎಂದರೆ ಕಳ್ಳನದು. ಏಕಾಂತ ಎಂದರೆ ಗಂಡಹೆಂಡಿರದು ಇಲ್ಲವೆ ಸನ್ಯಾಸಿಯದು. ಮರ್ಯಾದೆ ಎಂದರೆ ಇದ್ದವರದು. ಖಾಸಗಿ ಎಂದು ಬರೆದು ನೋಡಿದೆ, ರಾಜರ ಸೊತ್ತಿನ ಹಾಗೆ ಕೇಳಿಸಿತು. ಕೊನೆಗೆ ಶಬ್ದದ ಆಸೆ ಬಿಟ್ಟು ಸಂಗತಿಯನ್ನೇ ಬರೆದೆ: ಕಾರಣ ಬರೆದಿಟ್ಟು, ನ್ಯಾಯಾಧೀಶನ ಅಪ್ಪಣೆ ಪಡೆದ ಹೊರತು ಯಾರ ಮನೆಯನ್ನೂ ಪತ್ರವನ್ನೂ ತೆರೆಯಕೂಡದು. ತೆರೆದಾಗ ಕಂಡದ್ದರಲ್ಲಿ ಅಪರಾಧಕ್ಕೆ ಸಂಬಂಧಿಸದೆ ಇದ್ದುದನ್ನು ಸರಕಾರವು ಯಾರಿಗೂ ಹೇಳಕೂಡದು, ಅದು ನಿಜವಾಗಿದ್ದರೂ.

ರಾಯರು ಕೊನೆಯ ಎರಡು ಶಬ್ದಗಳ ಕೆಳಗೆ ಗೆರೆ ಎಳೆದರು. "ಇದು ಹೊಸಾದದ. ಆದರ ಬರೇ ಕಲಮು ಓದಿದವರು ನಗ್ತಾರ. ಉದಾಹರಣಿ ಬೇಕು. ಆ ಅಕ್ಕೋರದು ಬರಿ. ಹೆಸರು ಬಿಡು. ಊರು, ಓಣಿ, ಸಾಲಿ, ಎಲ್ಲಾ ಬರಿ. ದಿಲ್ಲಿಯವರ ಕಣ್ಣಾಗ ನೀರು ಬರಬೇಕು."

ಕೇಳದೆ ಬರೆಯಲಾರೆ ಎಂದು ಮುಗದಕ್ಕೆ ಹೋದೆ. ಅಕ್ಕೋರ ಕೂದಲು ಬೆಳ್ಳಗಾಗಿತ್ತು. ಒಂದೇ ಕೋಣೆಯ ಮನೆ. ಟ್ರಂಕು ಇಲ್ಲ, ಕಪಾಟು ಇಲ್ಲ. ಎರಡು ಸೀರೆ ಹಗ್ಗದ ಮೇಲೆ, ನಾಲ್ಕು ಪಾತ್ರೆ ಒಲೆಯ ಬದಿಗೆ, ಬಾಗಿಲು ಹಾರುಹೊಡೆದು. ಬಂದವರು ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ನೋಡಿಬಿಡಬಹುದಾಗಿತ್ತು. ಕರಡನ್ನು ಓದಿ ಹೇಳಿದೆ. ಗಮನವಿಟ್ಟು ಕೇಳಿದರು.

"ಛಲೋ ಬರದೀರಿ. ಕಳಸ್ರಿ."

ಉದಾಹರಣೆಯ ಮಾತು ಎತ್ತಿದೆ.

"ಒಂದು ಸಲ ಓಣಿಗೆ ಓದಿದ್ರು. ಒಂದು ಸಲ ಕೋರ್ಟಿಗೆ ನಾನ ಹೇಳಿದೆ. ಈಗ ದೇಶಕ್ಕ ಓದೂದಾ?" ಎಂದರು. "ಬ್ಯಾಡ್ರಿ ವಕೀಲರ."

"ಹೆಸರು ಹಾಕೂದಿಲ್ರಿ ಅಕ್ಕೋರ. ಇಲ್ಲಂದ್ರ ಈ ಕಲಮು ನಿಲ್ಲೂದಿಲ್ಲ."

"ನಿಲ್ಲದಿದ್ರ ಬೀಳಲಿ. ನನ್ನ ಮ್ಯಾಲೆ ನಿಂದರಸಬ್ಯಾಡ್ರಿ." ಆಮೇಲೆ, "ನಾವಿಬ್ಬರೂ ಹ್ವಾದ ಮ್ಯಾಲೆ ಬೇಕಾದ್ರ ಬರೀರಿ. ಆಗ ಯಾರ ಏನ ಅಂದ್ರೂ ನಮಗ ಕೇಳೂದಿಲ್ಲ" ಎಂದರು.

ಆ ಮಾತಿನ ಮೇಲೆಯೇ ನಾನು ಇದನ್ನು ಬರೆಯುತ್ತಿರುವುದು. ಇಬ್ಬರೂ ಈಗ ಇಲ್ಲ.

ಧಾರವಾಡಕ್ಕೆ ಬಂದು ಉದಾಹರಣೆಯ ಹಾಳೆಯನ್ನು ಹರಿದು ಹಾಕಿದೆ. ಬರೀ ಕಲಮನ್ನು ಸಭೆಯಲ್ಲಿ ಓದಿದೆ. ರಾಯರು ಹೇಳಿದಂತೆಯೇ ಆಯಿತು. "ಯಾರಿಗೆ ಇದರಿಂದ ಬಾಧೆ ಆಗೇದ? ಒಬ್ಬರನ್ನ ಹೇಳ್ರಿ" ಎಂದು ಒಬ್ಬ ಹಿರಿಯರು ಕೇಳಿದರು. ನಾನು ಹೇಳಲಿಲ್ಲ. "ಹೇಳಾಕ ಒಬ್ಬರೂ ಇಲ್ಲಂದ್ರ ಇದು ಕಳ್ಳರಿಗೆ ಬೇಕಾದ ಹಕ್ಕು" ಎಂದು ಇನ್ನೊಬ್ಬರು ನಕ್ಕರು. ಕೋಣೆಯಲ್ಲಿ ಆ ಒಬ್ಬರು ಯಾರೆಂದು ಬಲ್ಲವರು ರಾಯರು ಮತ್ತು ನಾನು. ರಾಯರು ನನ್ನ ಪರ ಮಾತಾಡುತ್ತಾರೆಂದು ಕಾದೆ.

ಅವರು ಕನ್ನಡಕ ಒರೆಸುತ್ತ ಹೇಳಿದರು: "ನಾನೂ ವಿಚಾರ ಮಾಡಿದೆ. ಹೈದರಾಬಾದಿನ ಗಡಿಯಾಗ ಏನು ನಡೀಲಿಕ್ಕತ್ತದ ನೋಡ್ರಿ. ನಾಳೆ ಒಂದು ಮನ್ಯಾಗ ಬಂದೂಕು ಅವ ಅಂತ ಸುದ್ದಿ ಬಂದ್ರ, ನ್ಯಾಯಾಧೀಶರನ್ನ ಎಬ್ಬಿಸಿ ಅಪ್ಪಣಿ ತಗೊಂಡು ಬರೂತನಕ ಬಂದೂಕು ಅಲ್ಲೇ ಕೂಡ್ತಾವೇನು?"

"ರಾಯರ, ಜೈಲಿನ್ಯಾಗ ನಿಮ್ಮ ಮನಿಯವರ ಪತ್ರ..." ಎಂದೆ.

ಅವರ ಕೈ ನಿಂತಿತು. "ಅದು ಪರಕೀಯರ ಸರಕಾರ. ಇನ್ನ ಮುಂದ ಬರೂದು ನಮ್ಮದು" ಎಂದರು. ಕಲಮನ್ನು ಟಿಪ್ಪಣಿಯ ಕೊನೆಗೆ, ಇತರ ಸೂಚನೆಗಳು ಎಂಬಲ್ಲಿ ಸೇರಿಸಿದರು. ಕೊನೆಯ ಎರಡು ಶಬ್ದಗಳನ್ನು ಹೊಡೆದು ಹಾಕಿದ್ದರು.

ಸ್ವಾತಂತ್ರ್ಯದ ದಿನ ಮೈದಾನದಲ್ಲಿ ಧ್ವಜ ಏರಿದಾಗ ಪೊಲೀಸ ತುಕಡಿಯ ಮುಂದೆ ನಿಂತು ವಂದನೆ ಕೊಟ್ಟವನು ಅದೇ ಫೌಜದಾರ. ಬಡತಿಯಾಗಿತ್ತು. ಗಡಿಯ ಕಡೆ ಹೊಸ ಹುದ್ದೆಗೆ ಹೋಗುವವನಿದ್ದ. ರಾಯರು ಅವನ ಕೈ ಕುಲುಕಿದರು.

ಮರುವರ್ಷ ಸಂವಿಧಾನದ ಕರಡು ಅಚ್ಚಾಗಿ ಬಂತು. ಮೂಲಭೂತ ಹಕ್ಕುಗಳ ಭಾಗವನ್ನು ಬೆರಳಿಟ್ಟು ಓದಿದೆ. ಮಾತಿನ ಹಕ್ಕಿತ್ತು, ಧರ್ಮದ ಹಕ್ಕಿತ್ತು, ಆಸ್ತಿಯ ಹಕ್ಕಿತ್ತು. ಮನೆಯ ಬಾಗಿಲಿನ ಬಗ್ಗೆ, ಪತ್ರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೊದಮೊದಲಿನ ಕಾಗದಗಳಲ್ಲಿ ಇತ್ತಂತೆ ಎಂದು ದಿಲ್ಲಿಗೆ ಹೋಗಿಬಂದ ಪರಿಚಯದವರೊಬ್ಬರು ಹೇಳಿದರು. ತನಿಖೆಗೆ ತೊಡಕಾದೀತು ಎಂದು ದೊಡ್ಡವರು ಯಾರೋ ಅಂದರಂತೆ. ಬಿಟ್ಟರಂತೆ. ನಮ್ಮ ಟಿಪ್ಪಣಿಯನ್ನು ಅಲ್ಲಿ ಯಾರಾದರೂ ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಅಕ್ಕೋರಿಗೆ ತಿಳಿಸಿ ಬರಬೇಕೆಂದು ಹೊರಡುವುದರೊಳಗೆ ಆಶ್ರಮದಿಂದ ಆಳು ಬಂದ. ತಮ್ಮ ತೀರಿಕೊಂಡಿದ್ದ. ಜ್ವರ ಬಂದು ಹೋಗಿದ್ದನಂತೆ. ಅಲ್ಲಿಯವರೇ ಮಣ್ಣು ಮಾಡಿದ್ದರು.

ಮುಗದದ ಸ್ಟೇಶನ್ನಿನಲ್ಲಿ ಇಳಿದು ಭತ್ತದ ಗದ್ದೆಗಳ ಬದುವಿನ ಮೇಲೆ ನಡೆದು ಹೋದೆ. ಅಕ್ಕೋರ ಶಾಲೆ ಜಮೀನುದಾರರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಹತ್ತಾರು ಹುಡುಗಿಯರು ಮಗ್ಗಿ ಒಪ್ಪಿಸುತ್ತಿದ್ದರು. ಜಮೀನುದಾರರ ತಾಯಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ಅಕ್ಕೋರು ನನ್ನನ್ನು ಕಂಡು ಬಾಗಿಲಿಗೆ ಬಂದರು. ಮೆಲ್ಲಗೆ ಹೇಳಿದೆ. ಕರಡಿನ ಸುದ್ದಿಯನ್ನು ಮೊದಲು ಹೇಳಿದೆ, ಯಾಕೋ ಬಾಯಿ ಇನ್ನೊಂದಕ್ಕೆ ತಿರುಗಲಿಲ್ಲ. ಆಮೇಲೆ ಅದನ್ನೂ ಹೇಳಿದೆ.

ಅವರು ಚೌಕಟ್ಟು ಹಿಡಿದುಕೊಂಡರು. ಹುಡುಗಿಯರ ಮಗ್ಗಿ ನಿಂತಿತು.

"ಯಾಕ ಅಕ್ಕೋರ, ಏನಾತು?" ಎಂದು ಮುದುಕಿ ಮೂಲೆಯಿಂದ ಕೇಳಿದರು. "ಯಾರಿಗೇನಾತು?"

"ಹುಬ್ಬಳ್ಳಿಯಾಗ ಯಾರೋ ಹೋದ್ರಂತ್ರಿ" ಎಂದರು ಅಕ್ಕೋರು, ತಿರುಗಿ.

"ನಿಮ್ಮವರೇನು?"

"ಅಲ್ರಿ. ಪರಿಚಯದವರು."

"ಪಾಪ" ಎಂದು ಮುದುಕಿ ಬತ್ತಿಗೆ ಮರಳಿದರು. ಅಕ್ಕೋರು ಹೋಗಿ ತಮ್ಮ ಜಾಗದಲ್ಲಿ ಕೂತು, ಹದಿಮೂರರ ಮಗ್ಗಿಯನ್ನು ಮೊದಲಿನಿಂದ ಹೇಳಿಸಿದರು. ತಪ್ಪಿದ ಹುಡುಗಿಯನ್ನು ನಿಲ್ಲಿಸಿ ತಿದ್ದಿದರು. ಶಾಲೆ ಬಿಡುವತನಕ ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ.

ಹುಡುಗಿಯರೆಲ್ಲ ಹೋದ ಮೇಲೆ ಇಬ್ಬರೂ ಅವರ ಮನೆಯತನಕ ನಡೆದೆವು. ಬಾವಿಯ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರು. ನಾನು ನಿಂತು, ಸಾವಿನ ಸುದ್ದಿ ಕೇಳಿದ್ದೀರಿ, ತಲೆಯ ಮೇಲೆ ಒಂದು ಕೊಡ ನೀರಾದರೂ ಹಾಕಿಕೊಳ್ಳಿರಿ, ನಾನು ಸೇದಿ ಕೊಡುತ್ತೇನೆ ಎಂದೆ.

ಅಕ್ಕೋರು ಆ ಹೆಂಗಸರಿಗೆ ಕೈ ಮಾಡಿ ನಕ್ಕರು. ಅವರೂ ನಕ್ಕರು. ನಡಿಗೆ ನಿಲ್ಲಿಸದೆ, ತುಟಿ ಅಲುಗದ ಹಾಗೆ ನನಗೆ ಹೇಳಿದರು:

"ಈ ಹೊತ್ತಿನ್ಯಾಗ ತಲಿಗೆ ನೀರು ಹಾಕ್ಕೊಂಡ್ರ, ಯಾರು ಸತ್ರು ಅಂತ ಕೇಳ್ತಾರ್ರಿ."